ಸೂಜಿ ಎಲ್ಲಿಗೆ ಇಳಿಯಬೇಕು?

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಸ್ಪತ್ರೆಗಳಿಗೆ ಹಾವು ಕಡಿದವರು ಬರುವುದು ಹೆಚ್ಚುತ್ತದೆ. ತೋಟದಲ್ಲಿ ಕಳೆ ಕೀಳುವಾಗ ಕೈಗೆ, ಗದ್ದೆಯ ಅಂಚಿನಲ್ಲಿ ನಡೆಯುವಾಗ ಕಾಲಿಗೆ, ಕತ್ತಲೆಯಲ್ಲಿ ಕೊಟ್ಟಿಗೆಗೆ ಹೋಗುವಾಗ ಹಿಮ್ಮಡಿಗೆ. ಮನೆಯಿಂದ ಡಾಂಬರು ರಸ್ತೆ ಮುಟ್ಟುವುದೇ ಒಂದು ಪ್ರಯಾಣ. ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಕೈಮೀರಿದರೆ ಹುಬ್ಬಳ್ಳಿ ಇಲ್ಲವೇ ಮಣಿಪಾಲ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್, ಶಿರಸಿಯಿಂದ ಸುಮಾರು 100. ಹೀಗಿರುವಾಗ ಜೊತೆಗೆ ಬಂದವರ ತಲೆಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಹಾವಿನ ವಿಷಕ್ಕೆ ಔಷಧಿ ಇದೆಯಲ್ಲ, ಅದನ್ನು ಕಾರಿನಲ್ಲೇ ತೊಡೆಗೊಂದು ಚುಚ್ಚಿಬಿಟ್ಟರೆ ಏನಾಗುತ್ತಿತ್ತು?

ಹೆಚ್ಚೇನೂ ಆಗುತ್ತಿರಲಿಲ್ಲ. ತೊಂದರೆ ಇರುವುದೇ ಅಲ್ಲಿ.

ಕುದುರೆಗೆ ಸ್ವಲ್ಪಸ್ವಲ್ಪವೇ ಹಾವಿನ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ, ಒಣಗಿಸಿ ಶೀಶೆಗೆ ತುಂಬಿದ ಪುಡಿಯೇ ವಿಷನಿರೋಧಕ. ನೀರು ಬೆರೆಸಿದರೆ ಒಂದು ಶೀಶೆ 10 ಮಿ.ಲೀ. ಆಗುತ್ತದೆ. ವಿಷ ಏರಿದ ಲಕ್ಷಣ ಕಂಡವರಿಗೆ ಮೊದಲ ಸುತ್ತಿಗೇ 8ರಿಂದ 10 ಶೀಶೆ ಬೇಕು, ಅಂದರೆ 100 ಮಿ.ಲೀ.ಗೆ ಹತ್ತಿರ. ತೋಳಿನ ಸ್ನಾಯು ತಾಳಿಕೊಳ್ಳುವುದು ಒಂದೆರಡು ಮಿ.ಲೀ., ದೊಡ್ಡವರ ತೊಡೆ ಹೆಚ್ಚೆಂದರೆ 5. ಅಳತೆಯ ತೊಡಕು ಇದಾದರೆ, ಇನ್ನೊಂದು ತೊಡಕು ಅಣುವಿನ ಗಾತ್ರದ್ದು. ಪ್ರತಿಕಾಯ ದೊಡ್ಡ ಅಣು. ಸ್ನಾಯುವಿನಲ್ಲಿ ಬಿಟ್ಟರೆ ಅದು ಸೂಕ್ಷ್ಮ ರಕ್ತನಾಳದ ಗೋಡೆಯನ್ನು ನೇರವಾಗಿ ದಾಟಲಾರದು. ದುಗ್ಧನಾಳಗಳನ್ನು ಹಿಡಿದು ಸುತ್ತಿ ಬಳಸಿ ರಕ್ತ ಸೇರಬೇಕು. ಅಡಿಕೆ ತೋಟದ ಬಸಿಗಾಲುವೆ ಹೆಚ್ಚಾದ ನೀರನ್ನು ಮೆಲ್ಲಗೆ ಹೊಳೆ ಮುಟ್ಟಿಸುವ ಹಾಗೆ ಈ ನಾಳಗಳ ಕೆಲಸ, ಅಲ್ಲಿ ಅವಸರವೆಂಬುದಿಲ್ಲ. ವಿಷ ರಕ್ತದಲ್ಲಿ ಓಡಾಡುತ್ತಿರುವಾಗ ಅದನ್ನು ಹಿಡಿಯಬೇಕಾದ ಔಷಧಿ ಇನ್ನೂ ದಾರಿಯಲ್ಲೇ ತೆವಳುತ್ತಿರುತ್ತದೆ. ಮೂರನೆಯ ಕಾರಣ ಇವೆರಡಕ್ಕಿಂತ ಕೆಟ್ಟದ್ದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ಅಂಥವರ ತೊಡೆಗೆ ಸೂಜಿ ಇಳಿಸಿದರೆ ಸ್ನಾಯುವಿನೊಳಗೇ ರಕ್ತ ಸೋರಿ ಬಾವು ಏಳುತ್ತದೆ. ಕಡಿದ ಜಾಗದ ಸುತ್ತ ಚುಚ್ಚುವುದೂ ಅಷ್ಟೇ ವ್ಯರ್ಥ, ಅಷ್ಟೇ ಅಪಾಯ.

ಹಾಗಾಗಿ ಈ ಔಷಧಿಗೆ ಇರುವುದು ಒಂದೇ ದಾರಿ: ಅಭಿಧಮನಿ. ಜನ ‘ನರಕ್ಕೆ ಕೊಡುವ ಇಂಜೆಕ್ಷನ್’ ಎನ್ನುವುದು ಇದನ್ನೇ. ಪುಡಿ ಕರಗಿಸಿ, ಸಲೈನ್ ಬಾಟ್ಲಿಗೆ ಬೆರೆಸಿ, ಸುಮಾರು ಒಂದು ತಾಸಿನಲ್ಲಿ ಹನಿಹನಿಯಾಗಿ ರಕ್ತಕ್ಕೆ ಬಿಡುತ್ತಾರೆ. ಅದಕ್ಕೂ ಮೊದಲು, ಸ್ವಚ್ಛವಾದ ಒಣ ಗಾಜಿನ ನಳಿಗೆಯಲ್ಲಿ ರೋಗಿಯ 2 ಮಿ.ಲೀ. ರಕ್ತ ಹಿಡಿದು, 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಹರಿದುಬಂದರೆ ವಿಷ ತನ್ನ ಕೆಲಸ ಶುರುಮಾಡಿದೆ ಎಂದರ್ಥ. ದೊಡ್ಡ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಬೇಕಾದದ್ದು ಗಾಜಿನ ನಳಿಗೆ ಮತ್ತು ಗಡಿಯಾರ. ಪ್ಲಾಸ್ಟಿಕ್ ನಳಿಗೆ ಮಾತ್ರ ನಡೆಯುವುದಿಲ್ಲ, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಯನ್ನು ಚಾಲೂ ಮಾಡುವುದು ಗಾಜಿನ ಮೈ.

ಇಲ್ಲೊಂದು ವಿಚಿತ್ರ ನೋಡಿ. ಕುದುರೆಯ ಪ್ರೋಟೀನು ನಮ್ಮ ಮೈಗೆ ಪರಕೀಯ. ಕೆಲವರಿಗೆ ಬಾಟ್ಲಿ ಏರಿದ ಕೆಲವೇ ನಿಮಿಷದಲ್ಲಿ ಮೈಯೆಲ್ಲ ತುರಿಕೆ, ದದ್ದು, ಉಬ್ಬಸ ಬಂದು ರಕ್ತದೊತ್ತಡ ಕುಸಿಯುತ್ತದೆ. ಆಗ ವೈದ್ಯರು ಬಾಟ್ಲಿ ನಿಲ್ಲಿಸಿ ಅಡ್ರಿನಲಿನ್ ಕೊಡುತ್ತಾರೆ. ಕೈಯಲ್ಲಿ ಆಗಲೇ ಅಭಿಧಮನಿಗೆ ಸೂಜಿ ಕೂತಿದೆ, ದಾರಿ ತೆರೆದೇ ಇದೆ. ಆದರೂ ಅಡ್ರಿನಲಿನ್ ಹೋಗುವುದು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ಅದೇ ಪ್ರಮಾಣ ಒಮ್ಮೆಲೇ ರಕ್ತನಾಳಕ್ಕೆ ಹೋದರೆ ಹೃದಯದ ಬಡಿತ ತಾಳ ತಪ್ಪಬಹುದು, ಒತ್ತಡ ತಲೆಯಲ್ಲಿ ರಕ್ತಸ್ರಾವ ಆಗುವಷ್ಟು ಏರಬಹುದು. ಚರ್ಮದಡಿಯ ಕೊಬ್ಬಿಗೆ ಕೊಟ್ಟರೋ, ತೀರಾ ನಿಧಾನ. ಮಕ್ಕಳ ಮೇಲೆ ನಡೆದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ಸರಾಸರಿ 8 ನಿಮಿಷದಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಿತು. ಚರ್ಮದಡಿಗೆ ಕೊಟ್ಟದ್ದಕ್ಕೆ 34 ನಿಮಿಷ ಹಿಡಿಯಿತು. ಒಂದೇ ಮಂಚದ ಮೇಲಿನ ಒಬ್ಬನೇ ರೋಗಿಗೆ, ಒಂದೇ ತಾಸಿನೊಳಗೆ, ಒಂದು ಔಷಧಿಗೆ ಸ್ನಾಯು ನಿಷಿದ್ಧ, ಇನ್ನೊಂದಕ್ಕೆ ಸ್ನಾಯುವೇ ಶ್ರೇಷ್ಠ. ಶೀಶೆಯ ಮೇಲೆ ಔಷಧಿಯ ಹೆಸರಿನ ಜೊತೆ ದಾರಿಯ ಹೆಸರನ್ನೂ ಅಚ್ಚು ಹಾಕುವುದು ಸುಮ್ಮನೆ ಅಲ್ಲ.

ಚುಚ್ಚಿದ ಔಷಧಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ವೈದ್ಯರಿಗೂ ಹೊತ್ತು ಹಿಡಿಯಿತು. 1853ರಲ್ಲಿ ಎಡಿನ್‌ಬರೊದ ಅಲೆಕ್ಸಾಂಡರ್ ವುಡ್ ಸಿರಿಂಜಿನಿಂದ ಮಾರ್ಫಿನ್ ಚುಚ್ಚಿ ನರದ ನೋವು ಕಡಿಮೆ ಮಾಡಿದಾಗ, ಎಲ್ಲಿ ನೋವೋ ಅಲ್ಲಿಗೇ ಚುಚ್ಚಬೇಕು ಎಂದು ಗಟ್ಟಿಯಾಗಿ ನಂಬಿದ್ದ. ಕೆಲವು ವರ್ಷಗಳ ನಂತರ ಲಂಡನ್ನಿನ ಚಾರ್ಲ್ಸ್ ಹಂಟರ್‌ನ ರೋಗಿಗಳಿಗೆ ಚುಚ್ಚಿಚುಚ್ಚಿ ಆ ಜಾಗ ಕೀವು ತುಂಬಿತು. ಬೇರೆ ದಾರಿ ಕಾಣದೆ ಅವನು ನೋವಿನಿಂದ ದೂರದ ಜಾಗಕ್ಕೆ ಚುಚ್ಚಿದ. ನೋವು ಅಷ್ಟೇ ಇಳಿಯಿತು. ಔಷಧಿ ರಕ್ತದ ಮೂಲಕ ಮೈಯೆಲ್ಲ ತಿರುಗುತ್ತದೆ ಎಂಬುದು ಹೀಗೆ ಖಾತ್ರಿಯಾಯಿತು. ವುಡ್ ಮಾತ್ರ ಬಹುಕಾಲ ಒಪ್ಪಲಿಲ್ಲ. ಮಂಡಿ ನೋವಿಗೆ ಮಂಡಿಗೇ ಇಂಜೆಕ್ಷನ್ ಬೇಕೆಂದು ಹಟ ಹಿಡಿಯುವ ನಮ್ಮ ಹಿರಿಯರು ವುಡ್‌ನ ಪಕ್ಷದವರು. ಕೀಲಿನೊಳಗೇ ಕೊಡುವ ಇಂಜೆಕ್ಷನ್ನುಗಳೂ ಇವೆ ಎನ್ನುವುದರಿಂದ ಅವರನ್ನು ಪೂರ್ತಿ ಸೋತವರೆನ್ನುವಂತೆಯೂ ಇಲ್ಲ.

ಹಾವಿನ ಮಾತು ಮುಗಿಸುವ ಮೊದಲು ಮಲೆನಾಡಿನವರು ತಿಳಿದಿರಲೇಬೇಕಾದ ಒಂದು ಸಂಗತಿ. ಭಾರತದಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಅಡಿಕೆ ತೋಟದ ತರಗೆಲೆಯಲ್ಲಿ ಅಡಗಿರುವ ಚಿಕ್ಕ, ಉಬ್ಬು ಮೂತಿಯ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಕಾಳಿಂಗ ಸರ್ಪವೂ ಇಲ್ಲ. ಗುಳಿಮಂಡಲ ಕಡಿದವರಿಗೆ ಕೈಕಾಲು ಬಾತು, ಕೆಲವರಿಗೆ ಮೂತ್ರಪಿಂಡ ಸೋಲುವುದುಂಟು. ಶೀಶೆಗಟ್ಟಲೆ ನರಕ್ಕೆ ಏರಿಸಿದರೂ ಆ ವಿಷ ಅಳಿಯದು. ದಾರಿ ಸರಿ, ಔಷಧಿ ಬೇರೆ ಬೇಕು, ಅದು ಇನ್ನೂ ನಮ್ಮಲ್ಲಿ ಇಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಯಾವ ತಾಲ್ಲೂಕಿನಲ್ಲಿ ಯಾವ ಹಾವು ಎಷ್ಟು ಕಡಿಯುತ್ತದೆ ಎಂಬ ಲೆಕ್ಕ ಸಿಕ್ಕರೆ ಆ ಕೊರತೆ ತುಂಬಲು ಒಂದು ಆಧಾರವಾದೀತು.

ಇನ್ನು ಜ್ವರದ ಇಂಜೆಕ್ಷನ್. “ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ ಮಾರಾಯ್ರೇ, ನಾಳೆ ಕೊನೆ ಕೊಯ್ಲಿದೆ” ಎಂಬ ಮಾತು ಕೇಳದ ವೈದ್ಯರು ಘಟ್ಟದ ಮೇಲೆ ಇರಲಿಕ್ಕಿಲ್ಲ. ಸೂಜಿ ಹಾಕದೆ ಮಾತ್ರೆ ಬರೆದುಕೊಟ್ಟವರಿಗೆ ಕೈಗುಣ ಇಲ್ಲವೆಂಬ ಹೆಸರೂ ಬರುತ್ತದೆ. ಪ್ಯಾರಾಸಿಟಮಾಲ್ ಬಾಯಿಂದ ಹೋದರೂ ಮುಕ್ಕಾಲು ತಾಸಿನಲ್ಲಿ ರಕ್ತ ಸೇರುತ್ತದೆ. ವಾಂತಿಯಾಗುತ್ತಿಲ್ಲ, ಪ್ರಜ್ಞೆ ಇದೆ ಎಂದಾದರೆ ಸೂಜಿಯಿಂದ ಸಿಗುವ ಲಾಭ ಬಹಳ ಕಡಿಮೆ. ನಷ್ಟವೋ ನಾನಾ ಬಗೆ. ಸೊಂಟಕ್ಕೆ ಕೊಡುವ ಇಂಜೆಕ್ಷನ್ ಪೃಷ್ಠದ ಮೇಲ್ಭಾಗದ ಹೊರಮೂಲೆಗೇ ಬೀಳಬೇಕು. ಸ್ವಲ್ಪ ಕೆಳಗೆ, ಸ್ವಲ್ಪ ಒಳಗೆ ಜಾರಿದರೆ ಕಾಲಿಗಿಳಿಯುವ ದೊಡ್ಡ ನರಕ್ಕೆ ಪೆಟ್ಟಾಗಿ ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವ ಸ್ಥಿತಿ ಬರುತ್ತದೆ. ಪುಟ್ಟ ಮಕ್ಕಳಿಗೆ ಸೊಂಟವನ್ನು ಬಿಟ್ಟು ತೊಡೆಯ ಮುಂಭಾಗದ ಹೊರಮಗ್ಗುಲಿಗೆ ಲಸಿಕೆ ಕೊಡುವುದು ಈ ಕಾರಣಕ್ಕೆ.

ಪೋಲಿಯೊ ಇದ್ದ ಕಾಲದ ಕತೆ ಇನ್ನೂ ಘೋರ. ಮಗುವಿಗೆ ಜ್ವರ ಬಂತು, ಯಾರೋ ಸೊಂಟಕ್ಕೊಂದು ಚುಚ್ಚಿದರು, ಮರುದಿನ ಆ ಕಾಲೇ ಬಿದ್ದುಹೋಯಿತು ಎಂದು ತಾಯಂದಿರು ಹೇಳುತ್ತಿದ್ದರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದವರೇ ತಪ್ಪಿದ್ದರು. ಪೋಲಿಯೊ ವೈರಸ್ ಆಗಲೇ ಮೈಯಲ್ಲಿದ್ದರೆ, ಸೂಜಿಯಿಂದ ಗಾಯವಾದ ಸ್ನಾಯುವಿನ ನರವನ್ನೇ ಏಣಿ ಮಾಡಿಕೊಂಡು ಬೆನ್ನುಹುರಿಗೆ ಏರುತ್ತದೆ. 1950ರಲ್ಲೇ ಬ್ರಿಟನ್ನಿನಲ್ಲಿ ಲೆಕ್ಕ ಹಾಕಿ ನೋಡಿದಾಗ, ಚುಚ್ಚಿದ ಕೈಕಾಲಿಗೇ ಹೆಚ್ಚಾಗಿ ಲಕ್ವ ಹೊಡೆದಿರುವುದು ಕಂಡುಬಂದಿತ್ತು. ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯದ್ದು. ಆ ಭಯ ಈಗಿಲ್ಲ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಡೆಂಗಿ ಇದೆ, ಮಂಗನ ಕಾಯಿಲೆ ಇದೆ. ಎರಡರಲ್ಲೂ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಯಾವ ಜ್ವರವೆಂದು ತಿಳಿಯುವ ಮೊದಲೇ ಡೈಕ್ಲೊಫೆನಾಕ್‌ನಂಥ ನೋವಿನ ಔಷಧಿಯನ್ನು ಸ್ನಾಯುವಿಗೆ ಚುಚ್ಚಿದರೆ ಹಾವು ಕಡಿದವರ ತೊಡೆಯಲ್ಲಿ ಆಗುವುದೇ ಇಲ್ಲೂ ಆಗಬಹುದು, ಜೊತೆಗೆ ಆ ಔಷಧಿಯೂ ರಕ್ತಸ್ರಾವಕ್ಕೆ ಅನುಕೂಲ ಮಾಡಿಕೊಡುತ್ತದೆ. ಮಂಗನ ಕಾಯಿಲೆಯ ಕಾಲವಾದ ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರದ ಕಾಡಂಚಿನವರು ಜ್ವರಕ್ಕೆ ಇಂಜೆಕ್ಷನ್ ಕೇಳಲೇಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ. ರಕ್ತಪರೀಕ್ಷೆ ಕೇಳಲಿ.

ಗ್ಲೂಕೋಸ್ ಬಾಟ್ಲಿಯದ್ದೂ ಇದೇ ಹಾಡು. ಸುಸ್ತಾದವರಿಗೆ ಒಂದು ಬಾಟ್ಲಿ ಏರಿಸಿದರೆ ಶಕ್ತಿ ಬರುತ್ತದೆ ಎಂದು ನಂಬಿದವರು ಈ ಲೆಕ್ಕ ನೋಡಲಿ: ಶೇಕಡಾ 5ರ ಅರ್ಧ ಲೀಟರ್ ಬಾಟ್ಲಿಯಲ್ಲಿರುವ ಸಕ್ಕರೆ 25 ಗ್ರಾಂ. ಒಂದು ದೊಡ್ಡ ಲೋಟ ಬೆಲ್ಲದ ಪಾನಕದಲ್ಲಿ ಅಷ್ಟಿರುತ್ತದೆ. ಬಾಟ್ಲಿ ನಿಜವಾಗಿ ಜೀವ ಉಳಿಸುವುದು ಬೇರೆ ಸಂದರ್ಭದಲ್ಲಿ: ಬಾಯಿಂದ ಕುಡಿದದ್ದು ನಿಲ್ಲದಿದ್ದಾಗ, ವಾಂತಿಭೇದಿಯಿಂದ ಮೈಯ ನೀರು ಉಪ್ಪು ಸೋರಿಹೋದಾಗ, ರಕ್ತದೊತ್ತಡ ಕುಸಿದಾಗ. 1832ರ ಕಾಲರಾದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಸಾಯುತ್ತ ಮಲಗಿದ್ದವರ ಅಭಿಧಮನಿಗೆ ಉಪ್ಪುನೀರು ಬಿಟ್ಟು ಎಬ್ಬಿಸಿ ಕೂರಿಸಿದ್ದ. ಸಿರಿಂಜಿಗಿಂತ ಎರಡು ದಶಕ ಹಿಂದಿನ ಮಾತು.

ನಾಯಿ ಕಡಿತದ ಲಸಿಕೆ ಹಿಡಿದಿರುವ ದಾರಿ ಮಾತ್ರ ಬೇರೆಯೇ. ಇಡೀ ಇಂಜೆಕ್ಷನ್ ಶಾಸ್ತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಅದು. 2004ರ ಕೊನೆಯವರೆಗೂ ನಮ್ಮ ದೇಶದಲ್ಲಿ ಕುರಿಯ ಮೆದುಳಿನಿಂದ ಮಾಡಿದ ಲಸಿಕೆ ಚಾಲ್ತಿಯಲ್ಲಿತ್ತು. ಅದನ್ನು ಹೊಟ್ಟೆಯ ಚರ್ಮದಡಿಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದರು. ಪ್ರಮಾಣ ಹೆಚ್ಚು, ಜಾಗ ಅಗಲವಾಗಿರಬೇಕಿತ್ತು, ಹಾಗಾಗಿ ಹೊಟ್ಟೆ. ‘ಹೊಕ್ಕಳ ಸುತ್ತ 14 ಇಂಜೆಕ್ಷನ್’ ಎಂಬ ಭಯ ಲಸಿಕೆ ಹೋದ ಮೇಲೂ ಜನರ ಬಾಯಲ್ಲಿ ಉಳಿದಿದೆ. ಈಗಿನ ಜೀವಕೋಶ ಲಸಿಕೆಯನ್ನು ತೋಳಿನ ಸ್ನಾಯುವಿಗೆ ಕೊಡುವುದಾದರೆ ಐದು ಸಲ, ಐದು ಶೀಶೆ. ಸರ್ಕಾರಿ ಆಸ್ಪತ್ರೆಗಳು 2006ರಿಂದೀಚೆಗೆ ಹಿಡಿದ ದಾರಿ ಚರ್ಮದೊಳಗಿನದು. ತೆಳು ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿ, ಚರ್ಮದ ಪದರದಲ್ಲೇ 0.1 ಮಿ.ಲೀ. ಬಿಟ್ಟರೆ ಅಲ್ಲೊಂದು ಪುಟ್ಟ ಬಿಳಿ ಬೊಬ್ಬೆ ಏಳುತ್ತದೆ. ಎರಡು ತೋಳಿಗೆ ಒಂದೊಂದು. ಕಡಿದ ನಂತರ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ನಾಲ್ಕೂ ಸೇರಿ ಒಟ್ಟು 0.8 ಮಿ.ಲೀ.

ಇಷ್ಟು ಕಡಿಮೆ ಲಸಿಕೆ ಸಾಕಾಗುವುದು ಹೇಗೆ? ಚರ್ಮವೇ ಮೈಯ ಗಡಿ. ಹೊರಗಿನಿಂದ ಬಂದದ್ದನ್ನು ಹಿಡಿದು ದುಗ್ಧಗ್ರಂಥಿಗೆ ಒಯ್ದು ತೋರಿಸುವ ಕಾವಲು ಕೋಶಗಳು ಅಲ್ಲಿ ದಟ್ಟವಾಗಿವೆ. ಸ್ನಾಯುವಿನಲ್ಲಿ ಅವು ವಿರಳ. ಸರಿಯಾದ ಕೋಶದ ಎದುರಿಗೇ ಲಸಿಕೆ ಇಟ್ಟರೆ ಸ್ವಲ್ಪವೇ ಸಾಕು. ತೊಡಕು ಇಷ್ಟೇ, ಒಮ್ಮೆ ಕರಗಿಸಿದ ಶೀಶೆಯನ್ನು 6ರಿಂದ 8 ತಾಸಿನೊಳಗೆ ಮುಗಿಸಬೇಕು. ನಾಲ್ಕೈದು ಜನ ಒಂದೇ ದಿನ ಬಂದರೆ ಉಳಿತಾಯ. ಒಬ್ಬರೇ ಬರುವ ಸಣ್ಣ ಕೇಂದ್ರದಲ್ಲಿ ಆ ಲೆಕ್ಕ ಕೂಡಿಬರುವುದಿಲ್ಲ. ಕೈಚಳಕವೂ ಬೇಕು: ಬೊಬ್ಬೆ ಏಳದಿದ್ದರೆ ಲಸಿಕೆ ಆಳಕ್ಕೆ ಜಾರಿದೆ ಎಂದೇ ಅರ್ಥ, ಪಕ್ಕದಲ್ಲಿ ಮತ್ತೆ ಕೊಡಬೇಕು. ಮಗು ಹುಟ್ಟಿದಾಗ ಎಡತೋಳಿಗೆ ಹಾಕುವ ಬಿಸಿಜಿಯದ್ದೂ ಇದೇ ಕ್ರಮ. ನಮ್ಮೆಲ್ಲರ ತೋಳಿನ ಕಲೆ ಆ ಬೊಬ್ಬೆಯ ಗುರುತು. ರೇಬಿಸ್ ಲಸಿಕೆಯನ್ನು ಸೊಂಟಕ್ಕಂತೂ ಎಂದಿಗೂ ಕೊಡುವಂತಿಲ್ಲ. ಅಲ್ಲಿಯ ಕೊಬ್ಬಿನಲ್ಲಿ ಸಿಕ್ಕಿಕೊಂಡು ಬೇಕಾದಷ್ಟು ಪ್ರತಿಕಾಯ ಹುಟ್ಟುವುದಿಲ್ಲ, ಮತ್ತು ರೇಬಿಸ್ ಎರಡನೇ ಅವಕಾಶ ಕೊಡುವ ಕಾಯಿಲೆಯಲ್ಲ.

ಗಾಯ ಆಳವಾಗಿ ರಕ್ತ ಬಂದಿದ್ದರೆ ಮೊದಲು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಆಮೇಲೆ ಸಿದ್ಧ ಪ್ರತಿಕಾಯವನ್ನು ಗಾಯದೊಳಕ್ಕೇ, ಅಂಚಿನ ಸುತ್ತ ಚುಚ್ಚಿ ತುಂಬುತ್ತಾರೆ. ಹಾವಿಗೆ ಕಡಿದಲ್ಲಿ ಚುಚ್ಚುವುದು ತಪ್ಪು, ನಾಯಿಗೆ ಕಡಿದಲ್ಲೇ ಚುಚ್ಚಬೇಕು. ಹಾವಿನ ವಿಷ ರಕ್ತದಲ್ಲಿ ತಿರುಗುತ್ತದೆ. ರೇಬಿಸ್ ವೈರಸ್ ರಕ್ತಕ್ಕೆ ಇಳಿಯದೆ ಗಾಯದಲ್ಲೇ ಕೂತು ನರ ಹಿಡಿದು ಹೊರಡಲು ಹೊಂಚುತ್ತಿರುತ್ತದೆ. ಶತ್ರು ಇರುವಲ್ಲಿಗೆ ಔಷಧಿ ಹೋಗಬೇಕು, ಅಷ್ಟೇ.

ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಬಗ್ಗೆ ಎರಡು ಮಾತು ಸಾಕು. ಸಿಸೇರಿಯನ್ ಹೆರಿಗೆಯಲ್ಲಿ ಸೊಂಟದ ಮೂಳೆಗಳ ನಡುವೆ, ಬೆನ್ನುಹುರಿ ಮುಗಿದ ನಂತರದ ಜಾಗದಲ್ಲಿ, ಎರಡು ಮೂರು ಮಿ.ಲೀ. ಅರಿವಳಿಕೆ ಬಿಟ್ಟರೆ ಸೊಂಟದ ಕೆಳಗೆ ಪೂರ್ತಿ ಮರಗಟ್ಟುತ್ತದೆ, ತಾಯಿ ಎಚ್ಚರವಾಗಿಯೇ ಮಗುವಿನ ಅಳು ಕೇಳುತ್ತಾಳೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಆರಂಭಿಸಿದ ಕ್ರಮ ಇದು. ಇದೇ ಜಾಗಕ್ಕೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಕಣ್ತಪ್ಪಿ ಹೋದರೆ ಸಾವು ಬಹುತೇಕ ಖಚಿತ. ಅಭಿಧಮನಿಯಲ್ಲಿ ಅದೇ ಔಷಧಿ ರಕ್ತಕ್ಯಾನ್ಸರಿನ ಮಕ್ಕಳನ್ನು ಉಳಿಸುತ್ತದೆ.

ಉಳಿದದ್ದು ಚರ್ಮದಡಿಯ ಕೊಬ್ಬಿನ ಪದರ. ರಕ್ತ ಸಂಚಾರ ಕಡಿಮೆ ಇರುವ, ಔಷಧಿಯನ್ನು ನಿಧಾನವಾಗಿ ಬಿಟ್ಟುಕೊಡುವ ಜಾಗ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವುದು ಇಲ್ಲಿಗೇ, ಮಕ್ಕಳ ದಡಾರ ಲಸಿಕೆಯೂ ಇಲ್ಲಿಗೇ. ಸಿದ್ದಾಪುರ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆ ಮಂಗನ ಕಾಯಿಲೆಯ ಲಸಿಕೆ. 1957ರಲ್ಲಿ ಸಿದ್ದಾಪುರಕ್ಕೆ ತಾಗಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಹಳದಿ ಜ್ವರದ ಸಂಶಯ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸದೇ ವೈರಸ್ಸನ್ನು ಬೇರ್ಪಡಿಸಿದರು. ಅದರ ಹತ್ತಿರದ ನೆಂಟ ರಷ್ಯಾದ ಉಣ್ಣೆ ಜ್ವರದ ವೈರಸ್ ಎಂದು ತಿಳಿದು ಆ ಜ್ವರದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು, ಫಲ ಕೊಡಲಿಲ್ಲ. ಕೊನೆಗೆ ಕೋಳಿ ಭ್ರೂಣದ ಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆ 1990ರ ಹೊತ್ತಿಗೆ ಬಳಕೆಗೆ ಬಂತು.

ಅದರ ಲೆಕ್ಕಾಚಾರ ಜನರ ತಾಳ್ಮೆ ಪರೀಕ್ಷಿಸುವಂಥದ್ದು. 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಲ್ಲಿ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. ಜ್ವರಕ್ಕೆ ಸೂಜಿ ಬೇಡುವ ಜನರೇ ಈ ಸೂಜಿಯ ಎರಡನೇ ಸುತ್ತಿಗೆ ತಪ್ಪಿಸಿಕೊಂಡರು. ಕೊಯ್ಲಿನ ದಿನ ರಟ್ಟೆ ನೋವು ಯಾರಿಗೆ ಬೇಕು? 2005ರಿಂದ 2010ರ ಅಂಕಿಅಂಶ ನೋಡಿದ ಅಧ್ಯಯನವೊಂದು ಎರಡು ಡೋಸಿನ ರಕ್ಷಣೆ ಶೇಕಡಾ 62, ಬೂಸ್ಟರ್ ಸೇರಿದರೆ 83 ಎಂದು ಕಂಡಿತು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಕಾಯಿಲೆ ಸಾವು ತಂದಿತು. ಸಾಮರ್ಥ್ಯ ಸಾಲದೆಂದು 2022ರಲ್ಲಿ ಹಳೆಯ ಲಸಿಕೆ ನಿಂತಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಜೋರಾದಾಗ ಹಾಕಲು ಲಸಿಕೆಯೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆಯ ಕೆಲಸ ಹಿಡಿದಿವೆ.

ವೈರಸ್ಸಿಗೆ ಮಾತ್ರ ತನ್ನ ಸೂಜಿ ಮೊದಲಿನಿಂದಲೂ ಇದೆ. ಉಣ್ಣೆಯ ಮರಿ ಮುಳ್ಳುಮುಳ್ಳಾದ ಬಾಯಿಯನ್ನು ಚರ್ಮದೊಳಗೆ ಹೂತು ದಿನಗಟ್ಟಲೆ ಕಚ್ಚಿಕೊಂಡಿರುತ್ತದೆ. ಅದರ ಎಂಜಲು ನೋವು ಮರೆಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಕಾವಲು ಕೋಶಗಳನ್ನು ಮಂಕು ಮಾಡುತ್ತದೆ. ಆ ಎಂಜಲಿನೊಂದಿಗೆ ವೈರಸ್ ಒಳಗಿಳಿಯುತ್ತದೆ. ಲಸಿಕೆಗೆ ಅಷ್ಟು ಅನುಕೂಲವಾದ ಚರ್ಮದ ಪದರವನ್ನೇ ಉಣ್ಣೆ ತನ್ನ ಲಾಭಕ್ಕೆ ಬಳಸಿಕೊಂಡಿದೆ. ಹೊಸ ಲಸಿಕೆ ಬರುವವರೆಗೆ ಸೊಪ್ಪಿನ ಬೆಟ್ಟಕ್ಕೆ ದರಕು ತರಲು ಹೊರಟವರು ಉಣ್ಣೆಯನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಸವರಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿ ಹೋಗುವುದು. ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುತ್ತ ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯಲ್ಲಿ ಹುಡುಕುವುದು. ಮರಿ ಉಣ್ಣೆ ಸಾಸಿವೆಗಿಂತ ಸಣ್ಣದು, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ.